ಇನ್ಸ್‌ಪೆಕ್ಟರಿಗೆ ಕೊಟ್ಟ ಚೂರ್ಣ

ಸಾರ್, ಆವತ್ತು ಪರೀಕ್ಷೆಗೆಂದು ನಿಮ್ಮ ಕೈಗೆ ಕೊಟ್ಟ ಮಂಡಿನೋವಿನ ಚೂರ್ಣ ನಾನು ಮಾರುತ್ತಿದ್ದ ಚೂರ್ಣವಲ್ಲ. ಅದು ನನ್ನ ತಾಯಿಗಾಗಿ ಬೇರೆಯಾಗಿ ಕುಟ್ಟಿ ಇಟ್ಟಿದ್ದು.

ಚಿಂತಾಮಣಿಯ ನನ್ನ ಗ್ರಂಧಿಗೆ ಅಂಗಡಿಯಲ್ಲಿ ಮಾರುತ್ತಿದ್ದ ಗಿಡಮೂಲಿಕೆಯ ಪುಡಿಗೆ ಇಂಗ್ಲಿಷ್ ನೋವಿನ ಮಾತ್ರೆ ಅರೆದು ಬೆರೆಸುತ್ತಿದ್ದೆ. ಕುಂಟುತ್ತ ಬಂದವರು ಮೂರೇ ದಿನಕ್ಕೆ ನೆಟ್ಟಗೆ ನಡೆದುಬಂದು ನನ್ನ ಕೈಗುಣ ಹೊಗಳುವರು — ಆ ಹೊಗಳಿಕೆಯ ರುಚಿ ಕೆಟ್ಟದ್ದು, ಸಾರ್. ಹೆತ್ತ ತಾಯಿಗೆ ಮಾತ್ರ ಅದನ್ನು ಕೊಡಲಿಲ್ಲ. ಅಂದರೆ ನನಗೆ ಎಲ್ಲ ಗೊತ್ತಿತ್ತು.

ನಾಟಿ ಔಷಧಿಗೂ ಸರ್ಕಾರದ ಕಾನೂನು ಬಂದ ಹೊಸತು. ಡ್ರಗ್ಸ್ ಇನ್ಸ್‌ಪೆಕ್ಟರ್ ಎಂದರೆ ಕೈ ಬೆಚ್ಚಗೆ ಮಾಡಿ ಕಳಿಸಿದರಾಯಿತು ಎಂದುಕೊಂಡಿದ್ದೆ. ನೀವು ಕಾಫಿಯನ್ನೂ ಮುಟ್ಟಲಿಲ್ಲ. ಒಳಗಿಂದ ನಾನು ತಂದ ಡಬ್ಬದ ಪುಡಿಯನ್ನು ಪಾಲು ಮಾಡಿ, ಅರಗಿನ ಮುದ್ರೆ ಒತ್ತಿ, ನನಗೂ ಒಂದು ಪೊಟ್ಟಣ ಕೊಟ್ಟಿರಿ. "ನಾಳೆ ನಾನೇ ಏನೋ ಬೆರೆಸ್ದೆ ಅಂತ ನಿಮಗೆ ಅನುಮಾನ ಬರಬಾರದು ನೋಡಿ" ಎಂದಿರಿ. ಕಳ್ಳನಿಗೂ ಅನ್ಯಾಯವಾಗಬಾರದೆಂದು ಅಷ್ಟು ಜತನ!

ಪುಡಿ ಪಾಸಾಯಿತು. "ಸರ್ಕಾರವೇ ಒಪ್ಪಿದೆ" ಎಂದು ಇನ್ನಷ್ಟು ಮಾರಿದೆ. ಜಂಗಮಕೋಟೆಯ ವೆಂಕಟಮ್ಮ — ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಹಾಕಿ ಮಂಡಿ ಸವೆಸಿಕೊಂಡಾಕೆ — ಆ ಮಾತು ನಂಬಿ, ಎರಡು ಹೊತ್ತಿನದನ್ನು ನಾಲ್ಕು ಹೊತ್ತು ತಿಂದು ರಕ್ತ ಕಾರಿಕೊಂಡರು.

ಸುದ್ದಿ ತಿಳಿದೊಡನೆ ಉಳಿದ ಪುಡಿಯನ್ನೆಲ್ಲ ಚರಂಡಿಗೆ ಸುರಿದೆ. "ಇನ್ಸ್‌ಪೆಕ್ಟರು ಲಂಚ ತಿಂದವ್ನೆ" ಎಂದು ಊರು ಆಡಿಕೊಂಡಿತು. ಇಲ್ಲ ಎನ್ನಬಲ್ಲವನು ನಾನೊಬ್ಬನೇ... ಬಾಯಿಗೆ ಬೀಗ ಹಾಕಿಕೊಂಡೆ. ನೀವು ಮತ್ತೆ ಬಂದು ಒಂದೊಂದೇ ಡಬ್ಬ ತೆರೆದು ನೋಡಿದಿರಿ. ಏನೂ ಸಿಗಲಿಲ್ಲ.

"ಆವತ್ತೇ ಹೀಗೆ ನಾನೇ ತೆಗೀಬೇಕಿತ್ತು. ನಿಮ್ಮ ಕೈಲಿ ತರಿಸ್ಕೊಂಡೆ. ತಪ್ಪು ನಂದು" — ಅಷ್ಟೇ ಹೇಳಿ ಹೊರಟಿರಿ. ಸೋತರೂ ಇನ್ನೊಬ್ಬರ ಕಡೆ ಬೆರಳು ತೋರಿಸದ ಅಂಥ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಮಾತ್ರೆ ಬೆರೆಸುವುದನ್ನು ಅಂದೇ ಬಿಟ್ಟೆ. ಅದೇನು ದೊಡ್ಡ ಮಾತಲ್ಲ. ಗುಣವಾದ ಮೇಲೆ ವೆಂಕಟಮ್ಮ ಅಂಗಡಿಗೆ ಬಂದರು. "ಆ ಇನ್ಸ್‌ಪೆಕ್ಟರಪ್ಪ ನಮ್ಮನೆಗೇ ಬಂದು, ಸರಿಯಾಗಿ ನೋಡ್ದೆ ಹೋದೆ, ತಪ್ಪು ನಂದು, ಕ್ಷಮಿಸಮ್ಮಾ ಅಂತ ಕೈ ಮುಗಿದ್ರು ಶೆಟ್ರೇ. ನಿಮ್ದೇನೂ ತಪ್ಪಿಲ್ಲ ಬಿಡಿ" ಎಂದರು.

ನಾನು ಹೌದೆಂಬಂತೆ ತಲೆಯಾಡಿಸಿದೆ. ಸಾರ್, ಆ ತಲೆಯಾಡಿಸಿದ್ದು — ಮಾತ್ರೆ ಬೆರೆಸಿದ್ದಕ್ಕಿಂತ...

ಆಕೆಗೆ ಈಗ ತೀರ ವಯಸ್ಸಾಗಿದೆ. ನಾಳೆ ಜಂಗಮಕೋಟೆಗೆ ಹೋಗುತ್ತೇನೆ. ನನ್ನನ್ನು ಕ್ಷಮಿಸುವುದು ಬಿಡುವುದು ಆಕೆಗೆ ಬಿಟ್ಟದ್ದು. ನೀವು ಕೈ ಮುಗಿಯಬೇಕಿರಲಿಲ್ಲ ಎಂಬುದಾದರೂ ಆಕೆಗೆ ತಿಳಿಯಲಿ.