ಒಂದು ನೀಲಿ ಹಾಳೆ ಕಡಿಮೆ

ಆ ಬೀದಿಯಲ್ಲಿ ಅವಳಿಗೆ ‘ಕರಿಕೈ ಅಕ್ಕ’ ಎಂದೇ ಹೆಸರು. ಎಷ್ಟು ಉಜ್ಜಿ ತೊಳೆದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿದೇ ಉಳಿಯುತ್ತದೆ. ಮೊದಲು ಕಾರಿನ ಸೀಟ್ ಕವರ್ ಹೊಲಿಯುತ್ತಿದ್ದಳು. ಗ್ಯಾರೇಜು ಇಟ್ಟಿರುವ ಅಣ್ಣ ಒಂದು ದಿನ, “ಬಟ್ಟೆ ಕತ್ತರಿಸೋ ಕೈ ತಾನೇ? ಇದೂ ಬಟ್ಟೆನೇ ಕಣೇ” ಎಂದು ಕಾರ್ಬನ್ ಫೈಬರ್ ಸುರುಳಿಯೊಂದನ್ನು ತಂದು ಹಾಕಿ ಹೋದ. ಈಗ ಅವಳ ಹಿಂದಿನ ಕೋಣೆಯಲ್ಲಿ ಕಾರುಗಳಿಗೆ ಟೊಳ್ಳು ಪೈಪುಗಳು ತಯಾರಾಗುತ್ತವೆ.

ಅಂಟು ಹೀರಿಸಿಟ್ಟ ಕರಿ ಬಟ್ಟೆಯನ್ನು ಫ್ರಿಜ್ಜಿನಿಂದ ತೆಗೆದು, ಮೇಣ ಸವರಿದ ಅಲ್ಯೂಮಿನಿಯಂ ಸರಳಿಗೆ ಪದರ ಪದರವಾಗಿ ಸುತ್ತಬೇಕು. ಮೇಲೆ ಟೇಪು ಬಿಗಿದು ಬೇಯಿಸಬೇಕು. ತಗಡಿನ ಬೀರುವಿಗೆ ಹೀಟರ್ ಕೂರಿಸಿ ಅದನ್ನೇ ಒಲೆ ಮಾಡಿಕೊಂಡಿದ್ದಾಳೆ. ತಣ್ಣಗಾದ ಮೇಲೆ ಸರಳು ಎಳೆದುಬಿಟ್ಟರೆ ಪೈಪು ಉಳಿಯುತ್ತದೆ.

“ಫ್ರಿಜ್ಜಲ್ಲಿ ಬಟ್ಟೆ, ಬೀರೂಲಿ ಅಡುಗೆ! ಈ ಮನೇಲಿ ನನ್ನನ್ನ ಎಲ್ಲಿ ಇಡ್ತೀಯೋ ಗೊತ್ತಿಲ್ಲ” ಎನ್ನುವುದು ಅತ್ತೆಯ ದಿನನಿತ್ಯದ ರಾಗ.

ಬಟ್ಟೆಯ ಪ್ರತಿ ತುಂಡಿನ ಬೆನ್ನಿಗೂ ಒಂದು ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಸುತ್ತುವಾಗ ಅದನ್ನು ಸುಲಿಯಬೇಕು. ಮರೆತು ಒಂದೇ ಒಂದು ಒಳಗುಳಿದರೂ ಪದರಗಳು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಹೊರಗಿನಿಂದ ಯಾರಿಗೂ ಗೊತ್ತಾಗದು. ಭಾರ ಬಿದ್ದ ದಿನ ಸೀಳುತ್ತದೆ. ಅದಕ್ಕೇ, ಬೇಯಿಸುವ ಮೊದಲು ಸುಲಿದ ಹಾಳೆಗಳನ್ನು ಎಣಿಸುವುದು ಅವಳ ಪದ್ಧತಿ. ಎಷ್ಟು ತುಂಡೋ ಅಷ್ಟು ಹಾಳೆ.

ಈ ಸಲ ಮಾತ್ರ ಎಣಿಸಲಿಲ್ಲ. ಅಣ್ಣ ಬಾಗಿಲಲ್ಲಿ ನಿಂತು “ಆಯ್ತಾ? ಆಯ್ತಾ?” ಎಂದು ಪ್ರಾಣ ತಿಂದ. ಅವಸರಪಡಿಸುವವರಿಗೇನು, ಬಾಯಿ ಒಂದು ಸಾಕು. ಪೈಪು ಬೆಂದಿತು, ಅಣ್ಣನ ಕೈ ಸೇರಿತು.

ಮರುದಿನ ಬೆಳಿಗ್ಗೆ ಕಸ ಗುಡಿಸುತ್ತಾ ಬಕೆಟ್ಟಿನಲ್ಲಿದ್ದ ಹಾಳೆಗಳನ್ನು ಎಣಿಸಿದಳು. ಒಂದು ಕಡಿಮೆ. ಮತ್ತೆ ಎಣಿಸಿದಳು. ಬೀರುವಿನ ಹಿಂದೆ, ಮೇಜಿನ ಕೆಳಗೆ ತಡಕಾಡಿದಳು. ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದಳು.

“ಅತ್ತೆ, ನೀಲಿ ಪ್ಲಾಸ್ಟಿಕ್ ಹಾಳೆ ಏನಾದ್ರೂ ನೋಡಿದ್ರಾ?”

“ನಿನ್ನ ಕಸಕ್ಕೆ ನಾನ್ಯಾಕಮ್ಮ ಕೈ ಹಾಕ್ಲಿ? ಮುಟ್ಟಿದ್ರೆ ತಪ್ಪು, ಮುಟ್ಟದಿದ್ರೂ ತಪ್ಪು!”

ಹಾಗಾದರೆ ಅದು ಪೈಪಿನೊಳಗೇ ಇದೆ. ಆ ಪೈಪು ಮುಂದಿನ ಚಕ್ರವನ್ನು ಕಾರಿಗೆ ಹಿಡಿದಿಡುವ ತೋಳು. ಅಣ್ಣನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಚೀಲಕ್ಕೆ ಗರಗಸ ಹಾಕಿಕೊಂಡು ಸ್ಕೂಟರ್ ಹತ್ತಿದಳು. ದಾರಿಯುದ್ದಕ್ಕೂ ಎದುರು ಬಂದ ಪ್ರತಿ ಕಾರಿನ ಮುಂದಿನ ಚಕ್ರವೂ ಅಲ್ಲಾಡಿದಂತೆ ಕಂಡಿತು.

ಕಾರು ಗ್ಯಾರೇಜಿನಲ್ಲೇ ಇತ್ತು. ಮಾಲೀಕ ಕೀಲಿಕೈ ತಿರುಗಿಸುತ್ತಾ ಹೊರಡುವುದರಲ್ಲಿದ್ದ. ಹಿಂದಿನ ಸೀಟಿಗೆ ಮಗುವಿನ ಕುರ್ಚಿ ಬಿಗಿದಿತ್ತು.

“ಅಣ್ಣ, ಆ ಪೈಪು ಬಿಚ್ಚು.”

“ಯಾಕೆ? ನೋಡೇ ಅದನ್ನ, ಮುಖ ಕಾಣುತ್ತೆ!”

“ಮುಖ ನೋಡ್ಕೊಳ್ಳೋಕೆ ಕನ್ನಡಿ ತಗೋ. ಒಳಗೆ ಒಂದು ಹಾಳೆ ಉಳಿದಿರಬಹುದು. ಬಿಚ್ಚು.”

“ಇರಬಹುದು ಅಂದ್ರೆ? ಇದೆಯೋ ಇಲ್ವೋ?”

“ಗೊತ್ತಿದ್ರೆ ಬಿಚ್ಚು ಅಂತ ಯಾಕೆ ಹೇಳ್ತಿದ್ದೆ?”

ಮಾಲೀಕನಿಗೆ ರೇಗಿತು. “ಏನ್ರೀ ಇದು, ನಿಮ್ಮ ತಂಗಿ ಅನುಮಾನಕ್ಕೆ ನಾನು ಬಸ್ಸಲ್ಲಿ ಹೋಗ್ಬೇಕಾ?”

“ಹೋಗಿ ಸಾರ್. ಬಸ್ಸಿಗೆ ನಾನು ಪೈಪು ಮಾಡಿಲ್ಲ” ಎಂದು ಅವಳು ಕಾರಿನ ಎದುರೇ ನೆಲದ ಮೇಲೆ ಕುಳಿತಳು. ಏಳಿಸಲು ನೋಡಿ ಸೋತ ಅಣ್ಣ ಜಾಕ್ ತಂದ. ಬಿಚ್ಚುವಷ್ಟು ಹೊತ್ತೂ ಸ್ಪ್ಯಾನರ್‌ಗಳನ್ನು ಕುಕ್ಕಿ ಕುಕ್ಕಿ ಇಟ್ಟ.

ಪೈಪಿನ ಎರಡೂ ತುದಿಗೆ ಲೋಹದ ಕೊಂಡಿ ಅಂಟಿಸಿಯಾಗಿತ್ತು. ಒಳಗು ನೋಡಬೇಕೆಂದರೆ ಕತ್ತರಿಸದೆ ಬೇರೆ ದಾರಿಯಿಲ್ಲ. ಮೂಗಿಗೆ ಬಟ್ಟೆ ಕಟ್ಟಿ, ನೀರು ಹನಿಸುತ್ತಾ ನಡುವಿನಲ್ಲಿ ಕೊಯ್ದಳು. ಕೊಯ್ದ ಬಾಯಿಯನ್ನು ಒರೆಸಿ ಬಿಸಿಲಿಗೆ ಹಿಡಿದಳು. ನೀಲಿ ಗೆರೆಯೊಂದು ಕಂಡೀತೆಂದು ಸುತ್ತಲೂ ತಿರುಗಿಸಿದಳು. ಇರಲಿಲ್ಲ. ಪದರಗಳೆಲ್ಲ ಒಂದೇ ಕಲ್ಲಾಗಿದ್ದವು.

“ಸಮಾಧಾನ ಆಯ್ತಾ?” ಅಣ್ಣನ ಧ್ವನಿ ಏರಿತು. “ಚಿನ್ನದಂಥ ಮಾಲು ಕೊಯ್ದು ಕೂತಿದೀಯ. ಇನ್ಮೇಲೆ ಬೇರೆಯವರ ಹತ್ರ ಮಾಡಿಸ್ಕೋತೀನಿ!”

ಅವಳು ಎರಡು ತುಂಡುಗಳನ್ನೂ ಚೀಲಕ್ಕೆ ತುಂಬಿಕೊಂಡು ಎದ್ದಳು. ಹೊಳಪಿಗೆ ತಲೆದೂಗುವ ಊರಿನಲ್ಲಿ ಒಳಗನ್ನು ನೋಡಹೊರಟವರು ತಲೆಕೆಟ್ಟವರಾಗುವುದು ಹೊಸದೇನಲ್ಲ. ಆದರೆ ಆ ಬೈಗುಳ ಅವಳ ಕಿವಿಗೇ ಇಳಿಯಲಿಲ್ಲ. ಪೈಪಿನಲ್ಲಿಲ್ಲ ಎಂದಮೇಲೆ ಹಾಳೆ ಹೋಯಿತೆಲ್ಲಿಗೆ?

ಮನೆಗೆ ಬಂದಾಗ ಅತ್ತೆ ದಿಂಬಿನಡಿಯಿಂದ ಟಿವಿ ರಿಮೋಟು ತೆಗೆಯುತ್ತಿದ್ದರು. ಧೂಳು ಕೂರದಂತೆ ಅದಕ್ಕೆ ನೀಲಿ ಹಾಳೆಯ ಅಂಗಿ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು.

“ಅತ್ತೇ! ಬೆಳಿಗ್ಗೆ ಕೇಳಿದಾಗ ಇಲ್ಲ ಅಂದ್ರಲ್ಲ!”

“ನೀನು ಕೇಳಿದ್ದು ಕಸ. ಇದು ಕಸಾನಾ? ಎಷ್ಟು ಚೆನ್ನಾಗಿ ಕೂತಿದೆ ನೋಡು.” ಸೊಸೆಯ ಮುಖ ಕಂಡು ಅವರ ಧ್ವನಿ ಇಳಿಯಿತು. “ಯಾಕೆ, ಏನಾಯ್ತು?”

ಅವಳು ಚೀಲದಿಂದ ಎರಡು ತುಂಡು ತೆಗೆದು ಮಂಚದ ಮೇಲಿಟ್ಟಳು. “ಆ ಹಾಳೆ ಇದರೊಳಗಿದೆ ಅಂತ ಕೊಯ್ದೆ.” ಹಿಂದಿನ ಕೋಣೆಗೆ ಹೋಗಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದಳು. ಇನ್ನು ಮುಂದೆ ಸುಲಿದ ಹಾಳೆ ಬಕೆಟ್ಟಿಗಿಲ್ಲ. ಒಂದೊಂದನ್ನೂ ಕ್ಲಿಪ್ ಹಾಕಿ ಕಣ್ಣೆದುರೇ ನೇತುಹಾಕುವುದು.

ಸರಳಿಗೆ ಮೇಣ ಸವರುವಾಗ ಫೋನು ಬಂತು. ಅಣ್ಣ.

“ಆ ಕಾರಿನವನು ಇಲ್ಲೇ ಕೂತಿದಾನೆ. ಬೇರೆಯವರ ಪೈಪು ಬೇಡವಂತೆ. ಸಂಜೆಯೊಳಗೆ ಇನ್ನೊಂದು ಆಗುತ್ತಾ?”

“ಸಂಜೆಗೆ ಆಗಲ್ಲ. ಆದಾಗ ನಾನೇ ಹೇಳ್ತೀನಿ. ಬಾಗಿಲಿಗೆ ಬಂದು ನಿಂತ್ರೆ ಕರಿಕೈಲೇ ಕೆನ್ನೆಗೆ ಬೀಳುತ್ತೆ.”

ಫೋನಿಟ್ಟು ತಿರುಗಿದರೆ ಅತ್ತೆ ಹಗ್ಗದ ಕೆಳಗೆ ನಿಂತಿದ್ದರು. ಒಂದು ಕೈಯಲ್ಲಿ ಬತ್ತಲೆ ರಿಮೋಟು, ಇನ್ನೊಂದರಲ್ಲಿ ಸುಕ್ಕುಗಟ್ಟಿದ ನೀಲಿ ಹಾಳೆ.

“ಇದನ್ನೂ ಸೇರಿಸಿ ಎಣಿಸ್ಕೋ.”