ಕಾಕಾನ ಅಳತಿ

ಖಾಜಾಸಾಬ ಕಾಕಾರ ಎರಡು ಅಂಗೈಗಳ ನಡುವೆ ನಾನು ಕಂಡಷ್ಟು ದೊಡ್ಡ ಮೀನುಗಳನ್ನು ಯಾವ ಕೆರೆಯಲ್ಲೂ ಕಂಡಿಲ್ಲ. ಮಾತು ಮೀನಿನ ಕಡೆ ತಿರುಗಿತೆಂದರೆ ಸಾಕು, ಆ ಕೈಗಳು ತಾವಾಗಿಯೇ ಮೇಲೆದ್ದು ಅಗಲವಾಗುತ್ತ ಹೋಗುತ್ತಿದ್ದವು. ಪಕ್ಕದಲ್ಲಿ ಕುಳಿತವರು ಚಹಾದ ಲೋಟ ಹಿಡಿದುಕೊಂಡು ಸ್ವಲ್ಪ ಸರಿದು ಕೂಡಬೇಕು. ಗ್ರೀಸಿನಿಂದ ಕಪ್ಪಾದ ಬೆರಳುಗಳು, ಬಲಗೈ ಹೆಬ್ಬೆರಳಿನಲ್ಲಿ ಯಾವುದೋ ಹಳೆಯ ಗಾಳ ಚುಚ್ಚಿದ ಕಲೆ. "ಇಷ್ಟ ಇತ್ರಿ, ಕಸಂ. ಒಂದ್ ಬೆರಳ ಹೆಚ್ಚಿಲ್ಲ, ಒಂದ್ ಬೆರಳ ಕಮ್ಮಿಲ್ಲ," ಎನ್ನುವರು. ಕೆರೆಯ ಏರಿಯ ಮೇಲೆ ನಾವು ಗಾಳದವರು ಇದಕ್ಕೆ ಒಂದು ಲೆಕ್ಕವನ್ನೇ ಇಟ್ಟಿದ್ದೆವು. ಕಾಕಾ ತೋರಿಸಿದ್ದನ್ನು ಅರ್ಧ ಮಾಡಬೇಕು, ಆಮೇಲೆ ಅದರಲ್ಲಿ ಬಾಲವನ್ನೂ ತೆಗೆಯಬೇಕು. ಯಾರಾದರೂ ತಮ್ಮ ಸೈಟಿನ ಬೆಲೆಯನ್ನೋ ಬೀಗರ ದೊಡ್ಡಸ್ತಿಕೆಯನ್ನೋ ಹೆಚ್ಚಿಗೆ ಹೇಳಿದರೆ, "ಇದು ಕಾಕಾನ ಅಳತಿ ಏನ್ರಿ?" ಎಂದು ಕೇಳುವುದು ನಮ್ಮಲ್ಲಿ ರೂಢಿಯಾಗಿತ್ತು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅವರದು ಮೋಟರ್‌ಸೈಕಲ್ ರಿಪೇರಿಯ ಸಣ್ಣ ಗ್ಯಾರೇಜು. ನಾನು ಗೋಪನಕೊಪ್ಪದಲ್ಲಿ ಹಲ್ಲಿನ ಡಾಕ್ಟರು. ನಮ್ಮಿಬ್ಬರ ಪರಿಚಯವಾದದ್ದು ಅವರ ಒಂದು ದವಡೆ ಹಲ್ಲಿನಿಂದ. ಗಲ್ಲ ಊದಿಸಿಕೊಂಡು ಬಂದು ನನ್ನ ಕುರ್ಚಿಯಲ್ಲಿ ಒರಗಿದವರು, ನೋವಿನ ಹಲ್ಲು ಯಾವುದು ಎಂದು ಕೇಳಿದರೆ, ಆ ಹಲ್ಲಿನಿಂದ ತಾವು ಒಂದು ಸಲ ನೈಲಾನ್ ದಾರ ಕಡಿದದ್ದು, ಆ ದಾರದ ತುದಿಗಿದ್ದ ಮೀನು, ಆ ಮೀನು ಎಳೆದುಕೊಂಡು ಹೋದ ತಮ್ಮ ಚಪ್ಪಲಿ, ಇಷ್ಟೂ ಹೇಳಿದರು. ಅಂತೂ ಹಲ್ಲು ಕಿತ್ತು, ಬಾಯಿಗೆ ಹತ್ತಿ ಇಟ್ಟು, "ಇನ್ನ ಅರ್ಧ ತಾಸು ಮಾತಾಡಬ್ಯಾಡ್ರಿ," ಎಂದೆ. ಕಾಕಾ ವಿಧೇಯರಾಗಿ ತಲೆಯಾಡಿಸಿದರು. ಬಾಗಿಲವರೆಗೆ ಹೋದವರು ತಿರುಗಿ ನಿಂತು, ಹತ್ತಿ ಕಚ್ಚಿಕೊಂಡೇ, ಎರಡೂ ಕೈ ಅಗಲಿಸಿ, ಹುಬ್ಬು ಏರಿಸಿ, ಆ ಮೀನು ಎಷ್ಟಿತ್ತೆಂದು ತೋರಿಸಿ ಹೋದರು. ಹೊರಗೆ ಕಾಯುತ್ತಿದ್ದ ಇಬ್ಬರು ಅದನ್ನು ನನ್ನ ಇಕ್ಕಳದ ಉದ್ದ ಎಂದು ತಿಳಿದು ಬಿಳಿಚಿಕೊಂಡರು.

ಗಾಯ ತೋರಿಸಲು ಮತ್ತೆ ಬಂದಾಗ ಹೇಳಿದರು: "ಅಕ್ಕಾರ, ನೀವು ಮಂದಿ ಬಾಯಾಗಿನ ಹಲ್ಲು ಕೀಳತೀರಿ, ನಾ ಮೀನದ ಬಾಯಾಗಿನ ಗಾಳ ಕೀಳತೇನಿ. ಇಬ್ಬರದೂ ಒಂದ ದಂಧೆ. ಐತವಾರ ಕೆರಿಗೆ ಬರ್ರಿ, ನೋಡೀರಂತ." ಅವರ ಮೀನುಗಳ ಸುಳ್ಳು ಹಿಡಿಯಬೇಕೆಂದೇ ನಾನು ಹೋದದ್ದು. ಹೋದವಳು ಮತ್ತೆ ಐತವಾರ ತಪ್ಪಿಸಲಿಲ್ಲ. ನೀರಿನ ಮೇಲಿನ ಬೆಂಡು ಒಮ್ಮೆ ಪುಳಕ್ಕನೆ ಮುಳುಗುವುದನ್ನು ನೋಡಿದವರಿಗೆ ಆ ಹುಚ್ಚು ಅರ್ಥವಾಗುತ್ತದೆ, ಉಳಿದವರಿಗೆ ಹೇಳಿ ಉಪಯೋಗವಿಲ್ಲ. ನಮ್ಮದು ಮೀನು ಮುಟ್ಟದ ಮನೆ. "ಹಿಡಿಯೂದು ನಿನ್ನ ಹುಚ್ಚು, ಹಿಡಕೋ. ಮನ್ಯಾಗ ಅದರ ವಾಸನಿ ಏನರ ಬಂತೋ, ನೀನೂ ಅದರ ಜೋಡಿ ಹೊರಗ," ಎಂದು ಅವ್ವ ತಾಕೀತು ಮಾಡಿದ್ದಳು. ಹಾಗಾಗಿ ನಾನು ಹಿಡಿದ ಮೀನುಗಳು ಒಂದೋ ನೀರಿಗೆ, ಇಲ್ಲವೆ ಕಾಕಾರ ಚೀಲಕ್ಕೆ ಹೋಗುತ್ತಿದ್ದವು.

ಕೆರೆ ಇರುವುದು ಮುಗದದ ಕಡೆಗೆ. ಅದಕ್ಕಿಂತ ಹೆಚ್ಚಿನ ವಿಳಾಸ ಹೇಳಲಾರೆ. ಸಣ್ಣ ಕೆರೆ, ಈ ದಂಡೆಯಿಂದ ಕೂಗಿದರೆ ಆ ದಂಡೆಯ ಎಮ್ಮೆ ತಲೆಯೆತ್ತಿ ನೋಡುತ್ತದೆ. ಏರಿಯ ಮೇಲೊಂದು ಹುಣಸೆ ಮರ, ಎದುರು ಮೂಲೆಯಲ್ಲಿ ಆಳೆತ್ತರದ ಜೊಂಡು. ಐತವಾರದ ಗಾಳದವರೆಲ್ಲ ಹುಣಸೆಯ ನೆರಳಿಗೆ ಸೇರುತ್ತಿದ್ದರು. ಬಂದ ಕೂಡಲೇ ಎಲ್ಲರೂ ಕೇಳುವುದು ಕಾಕಾರನ್ನೇ: "ಇವತ್ತ ಹೆಂಗೈತ್ರಿ ಕಾಕಾ?" ಕಾಕಾ ಬಗ್ಗಿ ನೀರಿನಲ್ಲಿ ಬೆರಳು ಅದ್ದಿ, ಒಂದು ಹನಿ ನಾಲಿಗೆಗೆ ಹಚ್ಚಿ, ಸಾರಿಗೆ ಉಪ್ಪು ನೋಡುವವರಂತೆ ಚಪ್ಪರಿಸುವರು. "ಹೊಸ ಮಳಿ ನೀರು ಒಳಗ ಬಂದೈತಿ. ಗುಳ್ಳಿ ಏಳಾಕತ್ತಾವ ನೋಡ್ರಿ, ತಳದಾಗ ಮೀನು ಮೇಯಾಕತ್ತಾವ. ಇವತ್ತ ಎರಿಹುಳ ಬ್ಯಾಡ, ಕಣಕ ಹಾಕ್ರಿ." ಅರ್ಧ ಸಲ ಅದು ಸರಿಯಾಗುತ್ತಿತ್ತು. ತಪ್ಪಿದ ದಿನ, "ಮೀನಿಗೆ ಯಾರೋ ಮೊದಲ ಹೇಳಿಬಿಟ್ಟಾರ್ರಿ," ಎಂದು ನಮ್ಮನ್ನೇ ಸಂಶಯದಿಂದ ನೋಡುವರು.

ಆ ದಿನಗಳಲ್ಲಿ ಅಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ಜಿಲೇಬಿ ಮೀನು. ಹೆಸರಷ್ಟೇ ಸಿಹಿ. ಯಾರೋ ಹೊರಗಿನಿಂದ ತಂದು ಬಿಟ್ಟ ಈ ಮೀನು ಬೇರೆ ಮೀನುಗಳ ಮೊಟ್ಟೆ ಮರಿ ತಿಂದು ತನ್ನೊಂದೇ ಸಂಸಾರ ಬೆಳೆಸುತ್ತದೆ. "ಇದು ಕೆರಿ ಅಲ್ರಿ, ಮಿಠಾಯಿ ಅಂಗಡಿ," ಎಂದು ಕಾಕಾ ಸಿಡುಕುವರು. ಹಿಂದೆ ಇಲ್ಲಿ ಮರಲ್ ಇದ್ದವಂತೆ. ಹಾವಿನಂಥ ತಲೆ, ಕಪ್ಪು ಬೆನ್ನು, ಸಿಕ್ಕರೆ ತೋಳನ್ನೇ ಕಿತ್ತುಕೊಂಡು ಹೋಗುವಂತೆ ಎಳೆಯುವ ಮೀನು, ಗಾಳದವರ ಕನಸು. ಯಾರೋ ಕೆಲವರು ನೀರಿಗೆ ಕರೆಂಟು ಹಾಯಿಸಿ ಹಿಡಿದು ಅದರ ವಂಶವನ್ನೇ ತೆಗೆದುಬಿಟ್ಟರು ಎಂದು ಎಲ್ಲರೂ ಕೈಬಿಟ್ಟಿದ್ದರು. ಕಾಕಾ ಮಾತ್ರ ಒಪ್ಪುತ್ತಿರಲಿಲ್ಲ. "ಐತ್ರಿ. ಒಂದರ ಐತಿ. ಜೊಂಡಿನ್ಯಾಗ ಅದರ ಬಾಲದ ಸಪ್ಪಳ ಕೇಳೇನಿ," ಎಂದು ಕೈ ಅಗಲಿಸುವರು. ಯಾರೂ ಕಾಣದ ಮೀನಿಗೆ ಅಳತೆ ಬೇರೆ! ಎಲ್ಲರೂ ಗೊಳ್ಳೆಂದು ನಗುತ್ತಿದ್ದರು.

ಒಂದು ಮಳೆಗಾಲದ ಆರಂಭದಲ್ಲಿ, ನಮ್ಮ ಗುಂಪಿನ ಶಿವಾನಂದ ಈ ನಗೆಯನ್ನು ಪಂಥಕ್ಕೆ ತಂದು ನಿಲ್ಲಿಸಿದ. ಹಾರ್ಡ್‌ವೇರ್ ಅಂಗಡಿಯವನು, ಮೊಳೆ ಹೊಡೆದಂತೆ ಮಾತಾಡುವವನು. "ಕಾಕಾ, ಈ ಮಳಿಗಾಲ ಮುಗಿಯೂದ್ರಾಗ ಒಂದ್ ಮರಲ್ ತಂದು ಈ ಹುಣಸಿ ಗಿಡದ ಬುಡಕ್ಕ ಒಗೀರಿ. ನೀವು ಇಲ್ಲೀತನಕ ಹೇಳಿದ ಎಲ್ಲಾ ಮೀನೂ ಖರೇ ಅಂತ ಒಪ್ಪತೇವಿ. ಇಲ್ಲಂದ್ರ ಮುಂದಿನ ಮಳಿಗಾಲದ ತನಕ ಬಾಯಿ ಮುಚ್ಚಿ ಕುಂದ್ರಬೇಕು. ಒಂದ್ ಮೀನಿನ ಕಥಿನೂ ಹೇಳಂಗಿಲ್ಲ."

ಎಲ್ಲರೂ ಚಪ್ಪಾಳೆ ಹೊಡೆದರು. ಕಾಕಾ ನಗಲಿಲ್ಲ. ಬೆಂಗೇರಿಯಲ್ಲಿ ಗಾಡಿ ರಿಪೇರಿ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಈ ಏರಿಯ ಮೇಲೆ ಮಾತ್ರ ಅವರೊಬ್ಬರೇ ಕಾಕಾ, ಅವರ ಮಾತೇ ಅಲ್ಲಿ ಅವರ ಕುರ್ಚಿ. "ಆತಪಾ," ಎಂದು ಶಿವಾನಂದನ ಕೈ ಮೇಲೆ ಕೈ ಹಾಕಿದರು.

ಗ್ಯಾರೇಜಿನ ಹಳೆಯ ಟ್ಯೂಬು ಕತ್ತರಿಸಿ ಒಂದು ರಬ್ಬರ್ ಕಪ್ಪೆ ಮಾಡಿ, ಅದರ ಹೊಟ್ಟೆಯಲ್ಲಿ ಗಾಳ ಕೂಡಿಸಿದರು. ಐತವಾರದ ಮೇಲೆ ಐತವಾರ ಆ ಕಪ್ಪೆಯನ್ನು ಜೊಂಡಿನ ಅಂಚಿಗೆ ಎಸೆದು ಎಳೆದರು. ಒಂದು ಜಿಲೇಬಿ ಕೂಡ ಅದನ್ನು ಮೂಸಲಿಲ್ಲ. ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಮುಂಜಾನೆ, ಉಳಿದವರೆಲ್ಲ ಹುಣಸೆಯಡಿ ಹರಟೆಯಲ್ಲಿದ್ದಾಗ, ಕಾಕಾರ ಮುಖ ನೋಡಲಾಗದೆ ನಾನೂ ಅವರ ಜೊತೆ ಜೊಂಡಿನ ಮೂಲೆಗೆ ಹೋದೆ. ಕಪ್ಪೆ ನೀರಿಗೆ ಬಿದ್ದು ಒಂದು ಸಲ ಕುಣಿಯಿತೋ ಇಲ್ಲವೋ, ಕೆಳಗಿನಿಂದ ನೀರು ಒಡೆದು ಸಿಡಿಯಿತು. ಕಾಕಾರ ಕೋಲು ಬಿಲ್ಲಿನಂತೆ ಬಾಗಿತು. ನಾನು ಸೊಂಟದವರೆಗೆ ನೀರಿಗಿಳಿದು ದಾರ ಹಿಡಿದೆ. ಇಬ್ಬರೂ ಕೆಸರಿನಲ್ಲಿ ಜಾರಿ, ಬಿದ್ದು, ಎದ್ದು, ಅಂತೂ ಅದನ್ನು ದಂಡೆಯ ಹುಲ್ಲಿಗೆ ತಂದೆವು.

ಮರಲ್! ಎರಡೂ ಕೈಯಿಂದ ಎತ್ತಿ ಹಿಡಿದೆ. ತಲೆ ನನ್ನ ಮೊಣಕೈಯಲ್ಲಿತ್ತು, ಬಾಲ ಬೆರಳ ತುದಿ ದಾಟಿ ಇನ್ನೂ ಒಂದು ಗೇಣು ಹೊರಗಿತ್ತು. "ಅಕ್ಕಾರ, ನೋಡ್ರಿ... ನೋಡ್ರಿ..." ಎಂದರು ಕಾಕಾ. ಶಿವಾನಂದನನ್ನು ಕೂಗಲು ಎದೆ ತುಂಬ ಉಸಿರೆಳೆದುಕೊಂಡರು.

ಅಷ್ಟರಲ್ಲಿ ನನ್ನ ಕಣ್ಣು ನೀರಿನ ಕಡೆ ಹೋಯಿತು. ಜೊಂಡಿನ ಬುಡದಲ್ಲಿ ಯಾರೋ ಬ್ಯಾಡಗಿ ಖಾರದ ಪುಡಿ ಚೆಲ್ಲಿದಂತೆ ಒಂದು ಕೆಂಪು ಮಚ್ಚೆ ಅತ್ತಿತ್ತ ಅಲೆಯುತ್ತಿತ್ತು. "ಕಾಕಾ, ಅದೇನು ಕೆಂಪಗ?" ಎಂದೆ. ಕಾಕಾ ನೋಡಿದರು. ಕೂಗುವುದನ್ನು ಬಿಟ್ಟು ನೀರಿನ ಅಂಚಿಗೆ ಬಗ್ಗಿದರು.

"ತೋಬಾ! ಮರಿ ಅದಾವ್ರಿ ಅಕ್ಕಾರ, ಇದರ ಮರಿ. ಅವನ್ನ ಕಾಯಾಕ ನಿಂತಿತ್ತಿದು. ಹಸಿವಿಗೆ ಕಚ್ಚಿಲ್ರಿ ಕಪ್ಪಿನ, ಸಿಟ್ಟಿಗೆ ಕಚ್ಚೈತಿ. ಇದನ್ನ ಒಯ್ದ್ರ ಸಂಜಿಯೊಳಗ ಜಿಲೇಬಿ ಬಂದು ಅಷ್ಟೂ ನುಂಗತಾವ."

ಕೆರೆಯಾಚೆ ಹುಣಸೆಯಡಿಯಿಂದ ಶಿವಾನಂದನ ನಗೆ ತೇಲಿ ಬಂತು. ಕಾಕಾ ಒಮ್ಮೆ ಆ ಕಡೆ ನೋಡಿದರು. ಮೀನನ್ನು ಅಲ್ಲಿಯವರೆಗೆ ಹೊತ್ತೊಯ್ದರೆ ಸಾಕು, ಅವರ ಇಡೀ ಜೀವಮಾನದ ಮೀನುಗಳೆಲ್ಲ ಖರೇ ಆಗುತ್ತಿದ್ದವು. ನನಗೆ ಆಸೆ ತಡೆಯಲಿಲ್ಲ. "ಒಂದ್ ಫೋಟೋ ತಗೀತೇನ್ರಿ. ಆಮ್ಯಾಲೆ ಬಿಡೂಣು," ಎಂದೆ.

"ಬ್ಯಾಡ್ರಿ!" ಕಾಕಾ ನನ್ನ ಮೇಲೆ ರೇಗಿದ್ದು ಅದೊಂದೇ ಸಲ. "ಫೋಟೋ ನೋಡಿದ್ರ ನಾಳಿ ಮುಂಜಾನಿ ಅರ್ಧ ಹುಬ್ಬಳ್ಳಿ ಈ ಜೊಂಡಿನ್ಯಾಗ ಇರತೈತಿ. ಕರೆಂಟಿನಾವ್ರೂ ಬರತಾರ. ಯಾರ ಮುಂದನೂ ಹೇಳಂಗಿಲ್ಲ, ಮಾತ ಕೊಡ್ರಿ. ಲಗೂ ಗಾಳ ಕೀಳ್ರಿ, ನಿಮ್ಮ ಕೈ ಹಗುರ."

ಹಸಿ ಟವೆಲಿನಲ್ಲಿ ಅವರು ತಲೆ ಹಿಡಿದರು. ದವಡೆಯೊಳಗೆ ಸಿಕ್ಕಿದ್ದ ಗಾಳವನ್ನು ನಾನು ಮೆಲ್ಲಗೆ ತಿರುಗಿಸಿ ಹೊರತೆಗೆದೆ. ಈ ಕೈಯಿಂದ ಕಿತ್ತ ಹಲ್ಲುಗಳಲ್ಲಿ ಯಾವುದರ ಬಗ್ಗೆಯೂ ನನಗೆ ಅಷ್ಟು ಹೆಮ್ಮೆಯಿಲ್ಲ. ನೀರಿಗೆ ಬಿಟ್ಟಾಗ ಮೀನು ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ಕೆಳಗಿಳಿಯಿತು. ಕೆಂಪು ಮಚ್ಚೆ ಅದರ ಮೇಲೆ ಬಂದು ಸೇರಿಕೊಂಡು, ಎರಡೂ ಜೊಂಡಿನೊಳಗೆ ಸರಿದು ಹೋದವು.

"ದೊಡ್ಡ ಸಪ್ಪಳ ಕೇಳ್ತಲ್ರಿ ಕಾಕಾ, ಏನ್ ಬಿತ್ತು?" ಎಂದು, ನಾವು ಹುಣಸೆಯಡಿಗೆ ಬಂದಾಗ ಶಿವಾನಂದ ಕೇಳಿದ. ಕಾಕಾ ಟವೆಲು ಹಿಂಡುತ್ತ ನಿಂತರು. "ನಾನ ಬಿದ್ದೆ. ಅಲ್ಲಿ ಬರೇ ಕೆಸರು, ಮುಳ್ಳು. ಗಾಳ ಹೋದ್ವು. ಯಾರೂ ಆ ಕಡೆ ಹೋಗಬ್ಯಾಡ್ರಿ," ಎಂದೆ ನಾನು. ಸೊಂಟದವರೆಗೆ ಒದ್ದೆಯಾದ ಡಾಕ್ಟರ ಮಾತನ್ನು ಯಾರು ಅನುಮಾನಿಸುತ್ತಾರೆ? ಎಲ್ಲರೂ ನಂಬಿದರು. ಊರಿಗೆ ಮರಳುವಾಗ ಕಾಕಾ ನಿಟ್ಟುಸಿರು ಬಿಟ್ಟರು: "ಇಷ್ಟ ವರ್ಷ ನಾ ಹೇಳಿದ್ದೆಲ್ಲಾ ವೇಸ್ಟ್ ನೋಡ್ರಿ. ಇಷ್ಟ ಸಾಫ್ ಸುಳ್ಳ ಹೇಳಾಕ ನನಗೊಮ್ಮೆನೂ ಬರಲಿಲ್ಲ."

ಪಂಥ ಸೋತ ಕಾಕಾ ಮಾತಿನಂತೆ ಬಾಯಿ ಮುಚ್ಚಿದರು. ಅದು ಎಂಥ ಶಿಕ್ಷೆ ಎಂದು ನನಗೊಬ್ಬಳಿಗೇ ಗೊತ್ತು. ಯಾರಾದರೂ ಅಂಗೈಯಷ್ಟು ಜಿಲೇಬಿ ಹಿಡಿದು ಮೆರೆದರೆ ಕಾಕಾರ ಕೈಗಳು ಮೊಣಕಾಲಿನಿಂದ ತಾವಾಗಿ ಏಳುತ್ತಿದ್ದವು. ಆಗ ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತುಬಿಡುತ್ತಿದ್ದರು. "ಕಾಕಾನ ಸ್ಟಾಕ್ ಖಾಲಿ ಆತು," ಎಂದು ಶಿವಾನಂದ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಗ್ಯಾರೇಜಿಗೆ ಹೋಗಿ, ಹೇಳಿಯೇಬಿಡುತ್ತೇನೆ ಎಂದೆ. ಕಾಕಾ ಕಾರ್ಬೊರೇಟರ್ ಒರೆಸುತ್ತ ತಲೆಯೆತ್ತದೆ ಹೇಳಿದರು: "ನನ್ನ ಮೀನು ಈಜಾಡಾಕತ್ತೈತ್ರಿ ಅಕ್ಕಾರ. ಸಾಕಲ್ಲ?"

ಮುಂದಿನ ಮಳೆಗಾಲದಲ್ಲಿ ಗಾಳಕ್ಕೆ ಮರಲ್ ಹತ್ತಿತು, ಅದೂ ಶಿವಾನಂದನ ಗಾಳಕ್ಕೆ! ಗೇಣುದ್ದದ ಮರಿ ಮರಲ್ ಹಿಡಿದುಕೊಂಡು ಏರಿಯ ತುಂಬ ಓಡಾಡಿದ. "ಬರ್ರಿ, ನೋಡ್ರಿ! ಮರಲ್! ನಾ ಹಿಡದೇನಿ!" ಕಾಕಾ ಕನ್ನಡಕ ಏರಿಸಿ ನೋಡಿ, "ಹೌದನಪಾ? ಮರಲಾ? ಈ ಕೆರ್ಯಾಗ?" ಎಂದು ಅಮಾಯಕರಾಗಿ ಕೇಳಿದರು. ಆಮೇಲೆ ನನ್ನ ಕಡೆ ನೋಡಿದ ಆ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆ ದಿನವೇ ಅವರು ಒಂದು ಮಾತು ಹಾಕಿದರು: "ನೀರ ಮ್ಯಾಲೆ ಕೆಂಪ ಕಂಡ್ರ ಗಾಳ ಎತ್ತಿಬಿಡ್ರಿ. ಅವು ಮರಿ. ಅವ್ವ ಅಪ್ಪನ್ನ ಬಿಡ್ರಿ." ಶಿವಾನಂದನಿಗೆ ಈಗ ಅದು ತಾನು ಕಂಡುಹಿಡಿದ ಮೀನು. ಅದರ ಕಾವಲಿಗೆ ಅವನೇ ನಿಂತ. ಬೇರೆ ಊರಿನವರು ಕರೆಂಟಿನ ಯಂತ್ರ ತಂದರೆ ಹಳ್ಳಿಯವರನ್ನು ಕರೆದು ಗದರಿಸಿ ಕಳಿಸುವಷ್ಟು ಜೋರಾದ.

ಕಳೆದ ಚಳಿಗಾಲದಲ್ಲಿ ಕಾಕಾರ ಹೃದಯ ದಣಿಯಿತು. ಗ್ಯಾರೇಜಿನ ಹಿಂದಿನ ಮನೆಗೆ ನಾನೂ ಶಿವಾನಂದನೂ ನೋಡಲು ಹೋದೆವು. ಅವರನ್ನು ನಗಿಸಬೇಕೆಂದು ಶಿವಾನಂದ, "ಕಾಕಾ, ಇವತ್ತ ಎಲ್ಲಾ ಮಾಫ್. ನಿಮ್ಮ ಜಿಂದಗ್ಯಾಗ ಹಿಡದದ್ದು ಎಲ್ಲಾಕಿಂತ ದೊಡ್ಡ ಮೀನು ಎಷ್ಟಿತ್ತು, ಹೇಳ್ರಿ," ಎಂದ. ಚಾದರದೊಳಗಿಂದ ಎರಡು ಕೈ ಮೆಲ್ಲಗೆ ಹೊರಬಂದು, ಒಂದು ಮೊಳದಷ್ಟು ಅಗಲವಾಗಿ ನಿಂತವು. "ಇಷ್ಟ," ಎಂದರು. ಶಿವಾನಂದ ರೂಢಿಯಂತೆ ಅದನ್ನು ಅರ್ಧ ಮಾಡಿ, "ಅಂದ್ರ ಇಷ್ಟು!" ಎಂದು ನಕ್ಕ. ಕಾಕಾರೂ ನಕ್ಕರು. ನನಗೆ ನಗೆ ಬರಲಿಲ್ಲ. ಆ ಮೀನನ್ನು ಹಿಡಿದ ತೋಳು ನನ್ನದು.

ಶಿವಾನಂದ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನಾನು ಬಗ್ಗಿ ಕೇಳಿದೆ: "ಒಂದ್ ಗೇಣು ಯಾಕ ಕಮ್ಮಿ ತೋರಿಸಿದ್ರಿ ಕಾಕಾ?"

"ಪೂರಾ ತೋರಿಸಿದ್ರ ಅಂವಾ ನಾಳೆ ಹುಡಕಾಕ ಹೊಂಡತಾನ್ರಿ," ಎಂದು ಪಿಸುಗುಟ್ಟಿ ಕಣ್ಣು ಮಿಟುಕಿಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಈ ಮಳೆಗಾಲ ಹುಣಸೆಯಡಿ ಅವರ ಜಾಗದಲ್ಲಿ ಯಾರೂ ಕೂಡುವುದಿಲ್ಲ. ಮೊನ್ನೆ ಐತವಾರ ಜೊಂಡಿನ ಹತ್ತಿರ ನೀರು ಕೆಂಪಾದದ್ದನ್ನು ಶಿವಾನಂದನೇ ಮೊದಲು ಕಂಡ. ಅವನು ತನ್ನ ಗಾಳ ಎತ್ತಿದ, ಯಾರೂ ಹೇಳದೆ ಉಳಿದವರೂ ಎತ್ತಿದರು. ಇನ್ನು ಇವರಿಂದ ಮುಚ್ಚಿಡುವುದು ಏನೂ ಇಲ್ಲ ಎನಿಸಿತು. ಎದ್ದು ನಿಂತು ಎಲ್ಲವನ್ನೂ ಹೇಳಿದೆ: ಟ್ಯೂಬಿನ ಕಪ್ಪೆ, ಹಸಿ ಟವೆಲು, ನಾನು ಕಿತ್ತ ಗಾಳ, ಕಾಕಾ ಒಮ್ಮೆ ಇತ್ತ ನೋಡಿದ್ದು. ಕೊನೆಗೆ ಎರಡೂ ಕೈ ಅಗಲಿಸಿ, ಮೊಳದ ಮೇಲೊಂದು ಗೇಣು, ಮೀನನ್ನು ತೋರಿಸಿದೆ.

ಶಿವಾನಂದ ನನ್ನ ಕೈಗಳನ್ನೇ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಅಕ್ಕಾರ, ಇದು ಕಾಕಾನ ಅಳತಿ ಏನ್ರಿ?"

"ಹೌದಪಾ, ಕಾಕಾನ ಅಳತಿನ," ಎಂದೆ. "ಒಂದ್ ಬೆರಳ ಹೆಚ್ಚಿಲ್ಲ, ಒಂದ್ ಬೆರಳ ಕಮ್ಮಿಲ್ಲ."

ಯಾರೂ ಅದನ್ನು ಅರ್ಧ ಮಾಡಲಿಲ್ಲ.