ಮೀಟರಿನ ಬೆಳಕು ಮಂಕಾದ ತೀರ್ಥಹಳ್ಳಿ ದಾರಿ

ಸಾಗರ ಬಿಟ್ಟಾಗ ಮಧ್ಯಾಹ್ನದ ಊಟ ಮುಗಿದಿತ್ತು. ಕಾರು ಅಕ್ಕನ ಗಂಡನದು. ತಂಗಿ ಕಮಲಳನ್ನು ತೀರ್ಥಹಳ್ಳಿಯವರು ನೋಡಿ ಒಪ್ಪಿದ್ದರು. ಇನ್ನು ನಾವು ಹೋಗಿ ಹುಡುಗನ ಮನೆ ನೋಡುವುದಿತ್ತು. ಬಸ್ಸಿನಲ್ಲಿ ಧೂಳು ಕುಡಿದು ಹೋಗಬೇಡಿ ಎಂದು ಭಾವ ನಾವು ಕೇಳುವ ಮೊದಲೇ ಕೀ ಕೊಟ್ಟಿದ್ದರು. ಅಮ್ಮ ಗಣಪತಿ ಗುಡಿಯಿಂದ ತಂದ ಸೇವಂತಿಗೆ ಹಾರವನ್ನು ವೇಗದ ಮೀಟರಿನ ಪಕ್ಕದ ಗುಂಡಿಗೆ ಎರಡು ಸುತ್ತು ಸುತ್ತಿ ಇಳಿಬಿಟ್ಟಳು. ಶುಭಕಾರ್ಯಕ್ಕೆ ಹೊರಟ ಗಾಡಿಯಲ್ಲಿ ಹೂವಿಲ್ಲದಿದ್ದರೆ ಅವಳಿಗೆ ಸಮಾಧಾನವಿಲ್ಲ.

ರಿಪ್ಪನ್‌ಪೇಟೆಯಲ್ಲಿ ಕಾಫಿ ಕುಡಿದೆವು. ಸಂತೆಯ ಎತ್ತಿನಗಾಡಿಗಳ ಹಿಂದೆ ಸಿಕ್ಕಿಕೊಂಡು ಹೊತ್ತು ಹೋಯಿತು. ಹೊಸನಗರ ತಲುಪುವಾಗ ಬಿಸಿಲು ಇಳಿದಿತ್ತು. ಕಚೇರಿ ಕೆಲಸಕ್ಕೆ ಅಲ್ಲಿಗೆ ಬಂದಿದ್ದ ಹುಡುಗನ ತಂದೆ, ಮೊದಲೇ ಮಾತಾದಂತೆ, ನಮಗಾಗಿ ಕಾದಿದ್ದರು. ಅವರನ್ನು ಮುಂದೆ ಕೂರಿಸಿಕೊಂಡೆ, ಅಮ್ಮ ಹಿಂದೆ ಕೂತಳು.

ಊರು ದಾಟಿ ದೀಪ ಹಾಕಿದೆ. ರಸ್ತೆಯೆಲ್ಲ ಹೊಂಡ. ಕಾರು ಕುಲುಕಿದಂತೆಲ್ಲ ಮೀಟರಿನ ಬೆಳಕು ಮಂಕಾಗುತ್ತ ಬಂದು ಕೊನೆಗೆ ಮುಳ್ಳೇ ಕಾಣದಾಯಿತು. ಬ್ಯಾಟರಿ ಸಾಯುತ್ತಿದೆ, ಕಾಡಿನ ನಡುವೆ ಬೀಗರೆದುರು ನಿಂತುಹೋಗುತ್ತೇವೆ ಎಂದು ಹೆದರಿದೆ. ಇಳಿದು ಬ್ಯಾಟರಿಯ ತಂತಿ ಬಿಗಿ ಮಾಡಿದೆ. ಮೀಟರಿನ ಬಲ್ಬು ಬಿಚ್ಚಿ ಮತ್ತೆ ಹಾಕಿದೆ. ಮುಂದಿನ ದೀಪಗಳು ಚೆನ್ನಾಗಿಯೇ ಉರಿಯುತ್ತಿದ್ದವು. ಬ್ಯಾಟರಿಗೆ ಏನೂ ಆಗಿಲ್ಲವೆಂದು ಅಷ್ಟರಿಂದಲೇ ತಿಳಿಯಬೇಕಿತ್ತು. ನನ್ನ ಕೋಪವೋ, ಮೂಗಿನ ತುದಿಯಲ್ಲಿ.

“ಭಾವನ ಧಾರಾಳ ಇಷ್ಟೇ. ಯಾರೂ ಕೊಳ್ಳದ ಗುಜರೀನ ನಮ್ಮ ತಲೆಗೆ ಕಟ್ಟಿದಾರೆ,” ಎಂದೆ. ಅಷ್ಟಕ್ಕಾದರೂ ಬಾಯಿ ಮುಚ್ಚಿದೆನೇ? ಅಕ್ಕನ ಮದುವೆಯಲ್ಲಿ ಅವರು ಮುನಿಸಿಕೊಂಡಿದ್ದನ್ನೂ ಎಳೆದು ತಂದೆ. ಅಮ್ಮ ಕೆಮ್ಮಿದಳು. ನಾನು ಕೇಳಿಸಿಕೊಳ್ಳಲಿಲ್ಲ.

ಈ ಸಲ ಮೀಟರಿನ ಹಿಂದಿನ ತಂತಿಗೆ ಕೈ ಹಾಕಿದಾಗ, ದೇವರ ಹೂವಿಗೆ ಮಸಿ ತಾಗೀತೆಂದು ಅಮ್ಮ ಹಿಂದಿನಿಂದ ಬಗ್ಗಿ ಹಾರ ಬಿಚ್ಚತೊಡಗಿದಳು. ಸುತ್ತು ಬಿಡಿಸುವಾಗ ಗುಂಡಿ ತಿರುಗಿತು. ಮೀಟರು ಬೆಳಗಿತು. ಆ ಬೆಳಕನ್ನು ಏರಿಸಿ ಇಳಿಸುವ ಗುಂಡಿಯೇ ಅದು. ಹಾರದ ಭಾರಕ್ಕೆ, ಕಾರು ಕುಲುಕಿದಷ್ಟೂ ತಿರುಗುತ್ತ ಹೋಗಿತ್ತು.

ಯಾರೂ ನಗಲಿಲ್ಲ. ಹುಡುಗನ ತಂದೆ ರಸ್ತೆಯನ್ನೇ ನೋಡುತ್ತ ಮೆಲ್ಲಗೆ, “ನಾಳೆ ನಮ್ಮ ಹುಡುಗನೂ ನಿಮ್ಮನೆ ಅಳಿಯನೇ ಅಲ್ವಾ ಮಾರಾಯ್ರೆ,” ಎಂದರು.

ನಾಚಿಕೆಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತೀರ್ಥಹಳ್ಳಿಯಲ್ಲಿ ಸ್ನಾನಕ್ಕೆ ಬಿಸಿನೀರು, ಊಟಕ್ಕೆ ಕಡುಬು, ಉಪಚಾರಕ್ಕೇನೂ ಕೊರತೆಯಾಗಲಿಲ್ಲ. ಬೆಳಿಗ್ಗೆ ಹೊರಟಾಗ ಮಾತ್ರ ಯಾರೂ ಮುಹೂರ್ತದ ಮಾತೆತ್ತಲಿಲ್ಲ. ಹೇಳಿ ಕಳಿಸುತ್ತೇವೆ ಎಂದರು. ದಾರಿಯುದ್ದಕ್ಕೂ ಮಂಜು. ಅಮ್ಮ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಸಾಗರದಲ್ಲಿ ಭಾವ ನಮ್ಮ ಮನೆ ಬಾಗಿಲಲ್ಲೇ ನಿಂತಿದ್ದರು. ಕಾರಿನ ಕಡೆ ನೋಡಲೂ ಇಲ್ಲ, ಅವರೇನಂದರು ಎಂದು ಕೇಳಿದರು. ಇನ್ನೂ ಗಟ್ಟಿಯಾಗಿಲ್ಲ ಎಂದಳು ಅಮ್ಮ.

“ಅದಕ್ಕೆಂತ, ನಾನೇ ಹೋಗಿ ಬರ್ತೀನಿ. ಈ ಮನೇಲಿ ಅಳಿಯಂದ್ರನ್ನ ಹ್ಯಾಗೆ ನೋಡ್ಕೊಳ್ತಾರೆ ಅಂತ ನಾನಲ್ದೆ ಇನ್ಯಾರು ಹೇಳ್ಬೇಕು?” ಎಂದು ಭಾವ ನನ್ನ ಕೈಯಿಂದ ಕೀ ತೆಗೆದುಕೊಂಡರು.